ತೇಲಿಸಿದ್ರು ಅಂತಾನೇ ಬರೀರಿ

ಹೊಸದುರ್ಗದಲ್ಲಿ ಅರ್ಜಿ ಬರೆಸಬೇಕಾದವರು ಅಜೀಮ್ ಸಾಹೇಬರನ್ನು ಹುಡುಕಿಕೊಂಡು ಬರುತ್ತಿದ್ದರು. ಕಚೇರಿಗಳ ಎದುರಿನ ಸಾಲಿನಲ್ಲಿ, ಝೆರಾಕ್ಸ್ ಅಂಗಡಿಗೂ ಟೀ ಅಂಗಡಿಗೂ ನಡುವೆ, ಎಂಟಡಿ ಅಗಲದ ಮಳಿಗೆ ಅವರದು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರಲು ಒಂದು ಬೆಂಚು. ಕಂಪ್ಯೂಟರು ಬರುವುದಕ್ಕೆ ಮುಂಚೆ ಅದೇ ಜಾಗದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಹದಿನೆಂಟು ವರ್ಷ ಕೂತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಹೆಚ್ಚು ಅಂಕ ತೆಗೆದವರು. ಮನೆಯಲ್ಲಿ ಉರ್ದು ಆಡಿದರೂ ಅವರಿಗೆ ಬರೆಯುವ ಭಾಷೆ ಎಂದರೆ ಕನ್ನಡವೇ. ಅರ್ಜಿ ಓದಿದ ಅಧಿಕಾರಿಯೊಬ್ಬರು, "ಇದನ್ನು ಬರೆದವರು ಯಾರು, ಕರೆಸಿ" ಎಂದು ಹೇಳಿ ಕಳಿಸಿ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದ್ದನ್ನು ಅವರು ವರ್ಷಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು.

ಆದರೆ ಕೆಲಸಕ್ಕೆ ಕೂತ ಎರಡನೇ ವರ್ಷದಲ್ಲೇ ಅವರು ಒಂದು ಪಾಠ ಕಲಿತಿದ್ದರು. ಕಾಟಪ್ಪ ಎನ್ನುವ ಮುದುಕನೊಬ್ಬ ಪಡಿತರ ಚೀಟಿಯ ವಿಷಯಕ್ಕೆ ಬಂದು, ಗುಮಾಸ್ತ ತನ್ನನ್ನು ನಾಯಿಯ ಹಾಗೆ ಓಡಿಸಿದ ಎಂದು ಅತ್ತಿದ್ದ. ಇಪ್ಪತ್ತೆರಡರ ಬಿಸಿರಕ್ತದ ಅಜೀಮ್ ಅವನು ಹೇಳಿದ್ದನ್ನು ಹೇಳಿದಂತೆಯೇ ಟೈಪ್ ಮಾಡಿಕೊಟ್ಟರು. ಅಧಿಕಾರಿ ಅದನ್ನು ಓದಿ, ಕಾಟಪ್ಪನ ಮುಖ ನೋಡಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟೀ ಲೋಟದ ಅಡಿಗಿಟ್ಟುಕೊಂಡ. ಕಾಟಪ್ಪ ಆಮೇಲೆ ಒಂದೂವರೆ ವರ್ಷ ಅಲೆದ. ಆ ಅಲೆದಾಟವನ್ನು ಅಜೀಮ್ ತಮ್ಮ ಅಂಗಡಿಯಲ್ಲಿ ಕೂತೇ ನೋಡಿದರು. ಅಂದಿನಿಂದ ಅವರ ಅರ್ಜಿಗಳಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಸಿಟ್ಟು ಬಂದವರು "ವಿಷಾದ ವ್ಯಕ್ತಪಡಿಸುತ್ತಿದ್ದರು." ಮೋಸ ಹೋದವರಿಗೆ "ಅಲ್ಪ ಮಟ್ಟಿನ ಅನಾನುಕೂಲ" ಆಗುತ್ತಿತ್ತು. ಅರ್ಜಿಗಳು ಮುಂದಕ್ಕೆ ಹೋಗುತ್ತಿದ್ದವು, ಕೆಲವರ ಕೆಲಸವೂ ಆಗುತ್ತಿತ್ತು. ಇದರಲ್ಲಿ ತಪ್ಪೇನಿದೆ ಎಂದು ಮೂವತ್ತಾರು ವರ್ಷ ಅವರಿಗೆ ಅನ್ನಿಸಲೇ ಇಲ್ಲ.

ರೇಣುಕಮ್ಮ ಅವರ ಅಂಗಡಿಗೆ ಬಂದದ್ದು ಆಷಾಢದ ಒಂದು ಗಾಳಿ ದಿನ. ಶ್ರೀರಾಂಪುರದ ಕಡೆಯ ಮಾಳಿಗೆಹಟ್ಟಿಯವಳು. ನಲವತ್ತರ ಆಸುಪಾಸು. ಈರುಳ್ಳಿ, ಟೊಮೆಟೊ ಹೊಲಗಳಿಗೆ ಕೂಲಿಗೆ ಹೋಗುವವಳು. ಬಸ್ಸಿಳಿದು ಬರುವಷ್ಟರಲ್ಲಿ ತಲೆಯ ತುಂಬ ಧೂಳಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಬೆಂಚಿನ ತುದಿಯಲ್ಲಿ ನಿಂತಳು.

"ಕುಂತ್ಕಳಮ್ಮ. ಯಾವ ಊರು? ಏನ್ ವಿಷಯ?" ಎಂದರು ಅಜೀಮ್.

"ಕರೆಂಟ್ ತಂತಿದು ಸಾಬ್ರೆ. ನಮ್ಮ ಹಟ್ಟಿಯಿಂದ ಹೊಲಕ್ಕೆ ಹೋಗೋ ಬಂಡಿದಾರಿ ಮ್ಯಾಲೆ ಜೋತು ಬಿದ್ದೈತೆ. ಒಂದು ಕಂಬ ವಾಲೈತೆ. ಸನಿಕೆ ಹೆಗಲ ಮ್ಯಾಲೆ ಇಟ್ಕಂಡು ಹೋಗಾಕೆ ಹೆದ್ರಿಕೆ. ತಲೆಗೆ ತಾಗಲ್ಲ, ಆದ್ರೂ ಹೆಂಗಸ್ರೆಲ್ಲ ಅಲ್ಲಿ ಬಗ್ಗೇ ಹೋಗ್ತೀವಿ."

"ಲೈನ್‌ಮನ್‌ಗೆ ಹೇಳಿದ್ರಾ?"

"ಎರಡು ಸಲ ಹೇಳಿದೀನಿ. ಗಾಳಿಗೆ ಸ್ವಲ್ಪ ಜಗ್ಗೈತೆ ಬಿಡಮ್ಮ ಅಂದ. ಆಮೇಲೆ ಕರೆಂಟ್ ಆಫೀಸಿಗೇ ಹೋದೆ. ಅಲ್ಲೊಬ್ರು ಕಿರಣ್‌ಕುಮಾರ್ ಅಂತ ಸಾಹೇಬ್ರು ಅವ್ರೆ. ಅವ್ರನ್ನ ಕರ್ಕಂಡೂ ಬಂದೆ. ಜೀಪ್ನಾಗೆ ಬಂದ್ರು, ಇಳುದ್ರು, ಕತ್ತೆತ್ತಿ ನೋಡಿದ್ರು. ತಂತಿ ಅಂದ್ಮೇಲೆ ಜಗ್ಗದೆ ಇರುತ್ತಾ, ನೀವು ಹಟ್ಟಿಯೋರು ಎಲ್ಲಾದಕ್ಕೂ ಗಾಬರಿ ಬೀಳ್ತೀರಿ ಅಂತ ನಕ್ಕೊಂಡು ಹೋದ್ರು. ತೇಲಿಸಿಬಿಟ್ರು ಸಾಬ್ರೆ."

ಅಜೀಮ್ ಟೈಪ್ ಮಾಡತೊಡಗಿದರು. ಒಂದು ಕಡೆ ಕೈ ನಿಲ್ಲಿಸಿ, "ನಿರ್ಲಕ್ಷ್ಯ ಮಾಡಿದ್ರು ಅಂತ ಹಾಕ್ಲಾ?" ಎಂದು ಕೇಳಿದರು.

"ಹಂಗಂದ್ರೆ?"

"ಗಮನ ಕೊಡ್ಲಿಲ್ಲ ಅಂತ."

ರೇಣುಕಮ್ಮ ತಲೆ ಅಲ್ಲಾಡಿಸಿದಳು. "ಇಲ್ಲಿಲ್ಲ. ಗಮನ ಕೊಟ್ರು. ನೋಡ್ದೇ ಇದ್ದಿದ್ರೆ, ಪಾಪ ಅವ್ರಿಗೆ ಗೊತ್ತಿಲ್ಲ ಅಂತ ಬಿಡಬೌದಿತ್ತು. ಇವ್ರು ಬಂದು ನೋಡಿದ್ರು. ನೋಡಿ, ಅದನ್ನ ಸಣ್ಣದು ಮಾಡಿ, ನನ್ನೂ ಸಣ್ಣವಳ್ನ ಮಾಡಿ ಹೋದ್ರು. ತೇಲಿಸಿದ್ರು ಅಂತಾನೇ ಬರೀರಿ."

ಅಜೀಮರಿಗೆ ನಗು ಬಂತು. "ಅದು ಆಡೋ ಮಾತು ಕಣಮ್ಮ. ಬರೆಯೋ ಮಾತಲ್ಲ. ಕಾಗದದಲ್ಲಿ ತೇಲಿಸಿದ್ರು ಅಂದ್ರೆ ಏನನ್ನ ನೀರಾಗೆ ತೇಲಿಸಿದ್ರು ಅಂತ ಕೇಳ್ತಾರೆ."

"ಯಾರೂ ಕೇಳಲ್ಲ ಬಿಡ್ರಿ. ಎಲ್ರಿಗೂ ಗೊತ್ತಾಗ್ತೈತೆ."

"ನೋಡಮ್ಮ, ನಿನ್ನ ಕೆಲ್ಸ ಆಗಬೇಕೋ, ಅವ್ರ ಮ್ಯಾಲೆ ಸಿಟ್ಟು ತೀರಬೇಕೋ?"

"ಕೆಲ್ಸ ಆಗಬೇಕು," ಎಂದಳು.

"ಹಂಗಾದ್ರೆ ನನಗೆ ಬಿಡು."

ಅವರು ಬರೆದರು. ಎಂದಿನಂತೆ ಚೆನ್ನಾಗಿಯೇ ಬರೆದರು. ಸದರಿ ಗ್ರಾಮದ ಬಂಡಿದಾರಿಯ ಮೇಲೆ ಹಾದುಹೋಗಿರುವ ವಿದ್ಯುತ್ ತಂತಿಯು ಸ್ವಲ್ಪ ಮಟ್ಟಿಗೆ ಕೆಳಗೆ ಇಳಿದಿರುತ್ತದೆ. ಈ ಬಗ್ಗೆ ತಮ್ಮ ಕಚೇರಿಯವರು ಸ್ಥಳಕ್ಕೆ ಆಗಮಿಸಿ ಪರಿಶೀಲಿಸಿರುವುದಕ್ಕೆ ಗ್ರಾಮಸ್ಥರು ಆಭಾರಿಯಾಗಿರುತ್ತೇವೆ. ಸದ್ಯಕ್ಕೆ ಯಾವುದೇ ಅಪಾಯವಿರುವುದಿಲ್ಲವಾದರೂ ಮುಂಜಾಗ್ರತೆಯ ದೃಷ್ಟಿಯಿಂದ ತಮ್ಮ ಬಿಡುವಿನ ವೇಳೆಯಲ್ಲಿ ಸರಿಪಡಿಸಿಕೊಡಬೇಕಾಗಿ ವಿನಂತಿ. ಕೊನೆಗೆ ಎಲ್ಲ ಅರ್ಜಿಗಳಿಗೂ ಹಾಕುತ್ತಿದ್ದ ಸಾಲು: ಮೇಲ್ಕಂಡ ವಿಷಯವನ್ನು ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಓದಿ ಹೇಳಲಿಲ್ಲ. ಬೆಂಚಿನ ಮೇಲೆ ಇನ್ನೂ ಮೂವರು ಕಾಯುತ್ತಿದ್ದರು. ರೇಣುಕಮ್ಮನಿಗೆ ಓದಲು ಬರುತ್ತಿರಲಿಲ್ಲ, ತನ್ನ ಹೆಸರು ಬರೆಯಲು ಮಾತ್ರ ಬರುತ್ತಿತ್ತು. ಅವಳು ಪೆನ್ನನ್ನು ಬಿಗಿಯಾಗಿ ಹಿಡಿದು ನಾಲ್ಕು ಅಕ್ಷರ ಬರೆದಳು. ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದು ತೋರಿಸಿದಳು. "ಜೋಪಾನವಾಗಿ ಇಟ್ಕಳಮ್ಮ," ಎಂದರು ಅಜೀಮ್.

ತಂತಿ ಹಾಗೆಯೇ ಇತ್ತು. ಶ್ರಾವಣ ಹೋಯಿತು, ದೀಪಾವಳಿ ಹೋಯಿತು. ರೇಣುಕಮ್ಮ ಮತ್ತೆ ಒಂದು ಸಲ ಆ ಕಚೇರಿಗೆ ಹೋಗಿ ಕೇಳಿದಾಗ, ಅವಳ ಅರ್ಜಿ ತುರ್ತು ಇಲ್ಲದವುಗಳ ಜೊತೆ ಇದೆ, ಸರದಿಯ ಪ್ರಕಾರ ಬರುತ್ತದೆ ಎಂದರು. ಅವಳು ಸರದಿಗೆ ಕಾದಳು.

ಡಿಸೆಂಬರಿನಲ್ಲಿ ರಾಗಿ ಕೊಯ್ಲು ಮುಗಿದು ಹುಲ್ಲು ಸಾಗಿಸುವ ಕೆಲಸ ಶುರುವಾಯಿತು. ರೇಣುಕಮ್ಮನ ಗಂಡ ದುರ್ಗೇಶ್ ಟ್ರ್ಯಾಕ್ಟರಿಗೆ ಹುಲ್ಲು ಹೇರುವುದರಲ್ಲಿ ಹೆಸರಾದವನು. ಎಷ್ಟು ಎತ್ತರ ಹೇರಿದರೂ ಹೊರೆ ಓಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೊನೆಯ ಟ್ರಿಪ್ಪಿಗೆ ಹುಲ್ಲು ಹೇರಿ, ಹಗ್ಗ ಬಿಗಿದು, ಅದರ ಮೇಲೆಯೇ ಕೂತು ಬಂದ. ರೇಣುಕಮ್ಮ ಬುತ್ತಿಯ ಪಾತ್ರೆ ಹಿಡಿದು ಹಿಂದೆ ನಡೆದು ಬರುತ್ತಿದ್ದಳು. ಬಂಡಿದಾರಿಯ ತಿರುವಿನಲ್ಲಿ ಗಂಡ ಕಾಲು ಮಡಿಚಿ, ತಲೆ ಬಗ್ಗಿಸಿದ್ದು ಅವಳಿಗೆ ಕಂಡಿತು. ತಂತಿ ಇರುವುದು ಅವನಿಗೂ ಗೊತ್ತಿತ್ತು. ಆದರೆ ಟ್ರ್ಯಾಕ್ಟರಿನ ಗಾಲಿ ಒಂದು ಕಲ್ಲಿನ ಮೇಲೆ ಹತ್ತಿ ಇಳಿಯಿತು, ಹೊರೆ ಮೇಲೆದ್ದಿತು, ಅವನ ಬೆನ್ನು ತಂತಿಗೆ ತಾಗಿತು. ಹುಲ್ಲಿಗೆ ಬೆಂಕಿ ಹತ್ತಿಕೊಂಡಿತು. ಡ್ರೈವರ್ ಜಿಗಿದು ಉಳಿದ. ದುರ್ಗೇಶನನ್ನು ಕೆಳಗಿಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೇ ದಿನಕ್ಕೆ ಎರಡು ಹೊಸ ಕಂಬ ಬಂದವು. ಒಂದೇ ಬೆಳಿಗ್ಗೆಯಲ್ಲಿ ತಂತಿಯನ್ನು ಮೂರಾಳೆತ್ತರಕ್ಕೂ ಮೇಲೆ ಎಳೆದು ಕಟ್ಟಿ ಹೋದರು. ಗಂಡನ ಹಾಲುತುಪ್ಪಕ್ಕೆ ಹೊರಟಿದ್ದ ರೇಣುಕಮ್ಮ ಆ ಹೊಸ ಕಂಬಗಳ ಕೆಳಗೇ ಹಾದು ಹೋದಳು. ಅವಳ ಜೊತೆಯಲ್ಲಿದ್ದ ಹೆಂಗಸರೆಲ್ಲ ರೂಢಿಯಿಂದ ಬಗ್ಗಿದರು.

ಈ ಸುದ್ದಿಯನ್ನು ಅಜೀಮ್ ಪತ್ರಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಓದಿದ್ದರು. ಹಟ್ಟಿಯ ಹೆಸರು ಎಲ್ಲೋ ಕೇಳಿದಂತಿದೆ ಎನ್ನಿಸಿತ್ತು, ಅಷ್ಟೇ. ಹದಿನೈದು ದಿನ ಕಳೆದ ಮೇಲೆ ರೇಣುಕಮ್ಮ ಮಗಳು ಬಿಂದುವನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹಣೆಯಲ್ಲಿ ಕುಂಕುಮವಿಲ್ಲದ ಮುಖ ಅವರಿಗೆ ಥಟ್ಟನೆ ಗುರುತು ಸಿಗಲಿಲ್ಲ. ಅವಳು ಪ್ಲಾಸ್ಟಿಕ್ ಕವರಿನಿಂದ ಸೀಲು ಹಾಕಿದ ಅರ್ಜಿಯ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಓದ್ರಿ ಸಾಬ್ರೆ."

ಅಜೀಮ್ ಕಣ್ಣಾಡಿಸಿದರು. ಎಲ್ಲ ನೆನಪಾಯಿತು.

"ಬಾಯಿ ಬಿಟ್ಟು ಓದ್ರಿ," ಎಂದಳು ರೇಣುಕಮ್ಮ. "ನನ್ ಮಗಳು ಮನೇಲಿ ಓದಿ ಹೇಳಿದ್ಲು. ಅವ್ಳು ತಪ್ಪು ಓದಿರಬೌದು ಅಂತ ಬಂದೀನಿ. ಕಿರಣ್‌ಕುಮಾರ್ ಸಾಹೇಬ್ರು ಪೊಲೀಸ್ನೋರ ಮುಂದೆ ಹೇಳಿದ್ರು, ಈಯಮ್ಮನೇ ಬರ್ಕೊಟ್ಟಾಳೆ, ಸದ್ಯಕ್ಕೆ ಯಾವ ಅಪಾಯಾನೂ ಇಲ್ಲ ಅಂತ. ನಾನು ಹಂಗೆ ಹೇಳಿಲ್ಲ ಅಂದೆ. ಕಾಗದ ತೋರಿಸಿದ್ರು. ನನ್ ರುಜು ಇತ್ತು."

ಅಜೀಮ್ ಓದತೊಡಗಿದರು. "ಸ್ವಲ್ಪ ಮಟ್ಟಿಗೆ" ಎನ್ನುವಲ್ಲಿ ಅವರ ದನಿ ಇಳಿಯಿತು. "ಆಭಾರಿಯಾಗಿರುತ್ತೇವೆ" ಎನ್ನುವಲ್ಲಿ ನಿಂತರು.

"ಹಂಗಂದ್ರೇನು?" ಎಂದಳು ರೇಣುಕಮ್ಮ.

ಬಿಂದು ಹೇಳಿದಳು: "ಅವ್ರು ಬಂದು ನೋಡಿದ್ದು ದೊಡ್ಡ ಉಪಕಾರ ಆಯ್ತು ಅಂತ ಕಣವ್ವ."

ರೇಣುಕಮ್ಮ ಅಳಲಿಲ್ಲ. ಬೆಂಚಿನ ಮೇಲೆ ಕೂತಳು. ಆಮೇಲೆ ಕೇಳಿದಳು: "ನಾನು ತೇಲಿಸಿದ್ರು ಅಂತ ಬರೀರಿ ಅಂದಿದ್ದೆ. ಅವ್ರು ಬಾಯಾಗೆ ತೇಲಿಸಿದ್ರು. ನೀವು ಬರ್ದು ತೇಲಿಸಿದ್ರಾ ಸಾಬ್ರೆ?"

ಅಜೀಮರ ಕೈ ಕೀಲಿಮಣೆಯ ಮೇಲೆಯೇ ಇತ್ತು. "ನಿನ್ನ ಕೆಲ್ಸ ಆಗ್ಲಿ ಅಂತ ಹಂಗೆ ಬರೆದೆ ಕಣಮ್ಮ," ಎಂದರು. ಹೇಳಿದ ಮೇಲೆ ಅದು ಎಷ್ಟು ಪೊಳ್ಳು ಎಂದು ಅವರಿಗೇ ಕೇಳಿಸಿತು.

ಅಂದು ಅವರು ಅಂಗಡಿಯ ಬಾಗಿಲು ಎಳೆದು ಮಧ್ಯಾಹ್ನಕ್ಕೇ ಮನೆಗೆ ಹೋದರು. ಮನೆಯಲ್ಲಿ ತಾಯಿ ಖಾತುನ್ ಬೀ ಮತ್ತು ಮಗಳು ನೂರೀನ್ ಇದ್ದರು. ನೂರೀನ್ ಪ್ರೌಢಶಾಲೆಯಲ್ಲಿ ಪಾಠ ಹೇಳುವವಳು. ತಂದೆ ಊಟ ಬಿಟ್ಟು ಕೂತದ್ದನ್ನು ನೋಡಿ ಏನೆಂದು ಕೇಳಿ ತಿಳಿದುಕೊಂಡಳು. "ಅಬ್ಬಾಜಾನ್, ತಂತಿ ಸರಿಮಾಡಬೇಕಾಗಿದ್ದು ಅವ್ರು. ನೀವು ಒಂದು ಅರ್ಜಿ ಬರೆದ್ರಿ ಅಷ್ಟೇ. ಎಲ್ರೂ ಹಂಗೇ ಬರೀತಾರೆ. ಸುಮ್ನೆ ದೊಡ್ಡದು ಮಾಡ್ಕೋಬೇಡಿ," ಎಂದಳು. ತಾಯಿ ಕೂಡ, ನಿನ್ನ ನಿಯತ್ತು ಒಳ್ಳೆಯದಿತ್ತು, ಅಲ್ಲಾಹನಿಗೆ ಗೊತ್ತು, ಬಿಡು ಎಂದರು. ಪಕ್ಕದ ಝೆರಾಕ್ಸ್ ಅಂಗಡಿಯ ಚೇತನ್‌ಕುಮಾರ್ ಮಾರನೇ ದಿನ ಅದನ್ನೇ ಹೇಳಿದ. ಪರಿಚಯದ ವಕೀಲರೊಬ್ಬರು ಅದನ್ನೇ ಇನ್ನೂ ನಯವಾಗಿ ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ತೇಲಿಸಿದ್ರು ಎನ್ನುವ ಮಾತಿಗೆ ರೇಣುಕಮ್ಮ ಹೇಳಿದ ಅರ್ಥ ಈಗ ಅಜೀಮರಿಗೆ ಸಂಪೂರ್ಣ ತಿಳಿಯಿತು: ಎದುರಿಗಿರುವುದನ್ನು ಕಣ್ಣಾರೆ ನೋಡಿ, ಅದರ ಭಾರ ಎಷ್ಟೆಂದು ಗೊತ್ತಿದ್ದೂ, ಭಾರವಿಲ್ಲ ಎಂದು ಹೇಳಿ ಕಳಿಸುವುದು.

ಫೆಬ್ರವರಿಯಲ್ಲಿ ಅಪಘಾತದ ವಿಚಾರಣೆ ಚಿತ್ರದುರ್ಗದಲ್ಲಿ ನಡೆಯುವುದೆಂದು ರೇಣುಕಮ್ಮನಿಗೆ ನೋಟಿಸು ಬಂತು. ಅಜೀಮ್ ತಾವೇ ಮಾಳಿಗೆಹಟ್ಟಿಗೆ ಹೋಗಿ, "ನಾನೂ ಬರ್ತೀನಮ್ಮ. ಆ ಮಾತು ನಿಂದಲ್ಲ, ನಂದು ಅಂತ ಹೇಳ್ತೀನಿ," ಎಂದರು. ಅವಳು ನೋಟಿಸನ್ನು ಅವರ ಕೈಗೆ ಕೊಟ್ಟು, ಯಾವತ್ತು, ಎಷ್ಟು ಹೊತ್ತಿಗೆ ಎಂದು ಓದಿಸಿಕೊಂಡಳು.

ಬೆಳಗಿನ ಬಸ್ಸಿಗೆ ಹೋದರು. ರೇಣುಕಮ್ಮ ಕಿಟಕಿಯ ಪಕ್ಕ, ಬಿಂದು ಅವಳ ಪಕ್ಕ, ಎರಡು ಸೀಟು ಹಿಂದೆ ಅಜೀಮ್. ಅವರ ಜೇಬಿನಲ್ಲಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿದ ಪ್ರಮಾಣಪತ್ರವಿತ್ತು. ಅದನ್ನು ಬರೆಯಲು ಅವರಿಗೆ ನಾಲ್ಕು ದಿನ ಹಿಡಿದಿತ್ತು. ಬೆರಳುಗಳು ತಾವಾಗಿಯೇ ಹಳೆಯ ದಾರಿ ಹಿಡಿಯುತ್ತಿದ್ದವು. "ನನ್ನಿಂದ ಲೋಪವಾಗಿರುತ್ತದೆ" ಎಂದು ಬರೆದು, ಅದನ್ನು ಅಳಿಸಿ, "ನಾನು ಸುಳ್ಳು ಬರೆದಿದ್ದೇನೆ" ಎಂದು ಬರೆಯಬೇಕಾಗಿತ್ತು. ಹೊಳಲ್ಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಅವರು ಇಳಿದು ಮೂರು ಟೀ ತಂದರು. ಬಿಂದು ತೆಗೆದುಕೊಂಡಳು. ರೇಣುಕಮ್ಮ ಲೋಟ ಹಿಡಿದುಕೊಂಡೇ ಇದ್ದಳು, ಬಸ್ಸು ಹೊರಟಾಗ ಟೀ ಅವಳ ಸೀರೆಯ ಮೇಲೆ ಚೆಲ್ಲಿತು. ಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಲ್ಲಿಂದ ಮುಂದಕ್ಕೆ ಹೋಗುವ ದಪ್ಪ ತಂತಿಗಳನ್ನು ಅವಳು ದಾರಿಯುದ್ದಕ್ಕೂ ನೋಡುತ್ತಲೇ ಇದ್ದಳು.

ವಿಚಾರಣಾಧಿಕಾರಿ ಒಳ್ಳೆಯ ಮಾತಿನ, ನರೆಗೂದಲಿನ ಮನುಷ್ಯ. ರೇಣುಕಮ್ಮನಿಗೆ ಕುರ್ಚಿ ಕೊಡಿಸಿದರು. ಕಿರಣ್‌ಕುಮಾರ್ ಇನ್ನೊಂದು ಬದಿಯಲ್ಲಿ ಕಡತ ಹಿಡಿದು ಕೂತಿದ್ದರು. ಅವರು ನೋಡಲು ಕ್ರೂರಿಯಂತಿರಲಿಲ್ಲ, ನಿದ್ದೆಗೆಟ್ಟವರಂತಿದ್ದರು.

"ನೀವೇನು ಹೇಳ್ಬೇಕು ಅಂತಿದೀರಿ, ಹೇಳಮ್ಮ," ಎಂದರು ಅಧಿಕಾರಿ.

"ನಾನು ಮೂರು ಸಲ ಹೇಳಿದ್ದೆ ಸ್ವಾಮಿ. ಇವ್ರು ಬಂದು ನೋಡಿದ್ರು. ಗಾಬರಿ ಬೀಳಬ್ಯಾಡ ಅಂದು ತೇಲಿಸಿದ್ರು. ಅದನ್ನ ಬರ್ಕಳ್ರಿ. ನನಗೆ ಬ್ಯಾರೆ ಏನೂ ಬ್ಯಾಡ."

ಗುಮಾಸ್ತ ಪೆನ್ನು ಎತ್ತಿ ಅಧಿಕಾರಿಯ ಮುಖ ನೋಡಿದ. "ಸೂಕ್ತ ಕ್ರಮ ಕೈಗೊಂಡಿಲ್ಲವೆಂದು ಹೇಳಿಕೆ, ಅಂತ ಬರ್ಕೊಳ್ಳಿ," ಎಂದರು ಅಧಿಕಾರಿ.

"ಸರ್, ಆಕೆ ಹೇಳಿದ್ದು ಅದಲ್ಲ," ಎಂದು ಅಜೀಮ್ ಹಿಂದಿನಿಂದ ಎದ್ದು ನಿಂತರು. ದನಿ ಜೋರಾಗಿಯೇ ಬಂತು. ತಾವು ಯಾರೆಂದು ಹೇಳಿ, ಪ್ರಮಾಣಪತ್ರ ಕೊಟ್ಟರು. "ಅಪಾಯವಿಲ್ಲ ಅನ್ನೋ ಮಾತು ನಂದು ಸರ್. ಆಕೆ ಒಂದು ಸಲಾನೂ ಹಂಗೆ ಹೇಳಿಲ್ಲ. ಹೆದ್ರಿಕೆ ಆಗ್ತೈತೆ, ಬಗ್ಗಿ ಹೋಗ್ತೀವಿ ಅಂದಿದ್ಲು. ನಾನು ಬರೀಲಿಲ್ಲ."

ಅಧಿಕಾರಿ ಪ್ರಮಾಣಪತ್ರ ಪೂರ್ತಿ ಓದಿದರು. ಆಮೇಲೆ ಅರ್ಜಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ. ಇದನ್ನ ಬರೆದವ್ರು?"

"ನಾನೇ ಸರ್."

"ಓದಿ ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ಆಗ ಸುಳ್ಳು ಬರೆದಿದ್ರಿ, ಈಗ ನಿಜ ಹೇಳ್ತಿದೀನಿ ಅಂತೀರಿ. ನಾನು ಯಾವುದನ್ನ ನಂಬಲಿ ಹೇಳಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮನಸ್ಸಿಗೆ ಬೇಜಾರಾಗಿದೆ, ಅರ್ಥ ಆಗುತ್ತೆ. ನಿಮ್ಮದೇನೂ ಅಂಥ ದೊಡ್ಡ ತಪ್ಪಲ್ಲ. ಇದನ್ನ ಕಡತದಲ್ಲಿ ಇಟ್ಕೊಳ್ತೀನಿ. ಕೂತ್ಕೊಳ್ಳಿ."

ಅಜೀಮ್ ಕೂರಲಿಲ್ಲ. ಹೊರಗೆ ಬಂದ ಮೇಲೆ ಕಿರಣ್‌ಕುಮಾರ್ ಅವರ ಹತ್ತಿರ ಬಂದು, "ಸಾಹೇಬ್ರೆ, ನನಗೂ ಮಕ್ಕಳಿದಾರೆ," ಎಂದಷ್ಟೇ ಹೇಳಿ ಜೀಪಿನ ಕಡೆ ಹೋದರು.

ವರದಿಯ ಪ್ರತಿ ಏಪ್ರಿಲ್ ಮೊದಲ ವಾರದಲ್ಲಿ ಬಂತು. ಅದನ್ನು ಹಿಡಿದುಕೊಂಡು ರೇಣುಕಮ್ಮ ಅಂಗಡಿಗೆ ಬಂದಳು. ಈ ಸಲ ಅಜೀಮ್ ಅವಳನ್ನು ಕೂರಿಸಿ, ಒಂದು ಪದವನ್ನೂ ಬಿಡದೆ ಓದಿ, ಪ್ರತಿ ಸಾಲಿನ ಅರ್ಥ ಹೇಳಿದರು. ಮೃತರು ನಿಗದಿತ ಎತ್ತರಕ್ಕಿಂತ ಹೆಚ್ಚು ಹುಲ್ಲು ಹೇರಿದ್ದರು ಮತ್ತು ಅದರ ಮೇಲೆ ಕುಳಿತು ಪ್ರಯಾಣಿಸುತ್ತಿದ್ದರು. ಅಪಘಾತಕ್ಕೆ ಮೃತರ ಅಜಾಗರೂಕತೆಯೇ ಮುಖ್ಯ ಕಾರಣ. ತಂತಿಯಿಂದ ಅಪಾಯವಿಲ್ಲವೆಂದು ಮೃತರ ಪತ್ನಿಯೇ ಲಿಖಿತವಾಗಿ ತಿಳಿಸಿರುವುದರಿಂದ ಸಿಬ್ಬಂದಿಯ ಮೇಲೆ ಕರ್ತವ್ಯಲೋಪದ ಆರೋಪ ಸಾಬೀತಾಗಿರುವುದಿಲ್ಲ. ಅರ್ಜಿ ಬರಹಗಾರರ ನಂತರದ ಹೇಳಿಕೆಯನ್ನು ಪರಿಗಣಿಸುವ ಅಗತ್ಯ ಕಂಡುಬರುವುದಿಲ್ಲ.

"ಅಜಾಗರೂಕತೆ ಅಂದ್ರೆ?"

"ಹುಷಾರಿರ್ಲಿಲ್ಲ ಅಂತ."

"ಅವ್ರು ಬಗ್ಗಿದ್ರು," ಎಂದಳು ರೇಣುಕಮ್ಮ. "ನಾನು ಹಿಂದೆ ಇದ್ದೆ. ಕಣ್ಣಾರೆ ನೋಡಿದೀನಿ. ತಲೆ ಮೊಣಕಾಲಿಗೆ ಹಚ್ಚಿ ಬಗ್ಗಿದ್ರು."

ಅಜೀಮ್ ವರದಿಯನ್ನು ಮೇಜಿನ ಮೇಲಿಟ್ಟರು. ಮೇಲ್ಮನವಿಗೆ ಮೂವತ್ತು ದಿನ ಅವಕಾಶವಿದೆ, ತಾವೇ ಬರೆದುಕೊಡುವುದಾಗಿ ಹೇಳಿದರು. ಅವಳು ವರದಿಯನ್ನು ಅಲ್ಲಿಯೇ ಬಿಟ್ಟು ಹೋದಳು.

ಮುಂದಿನ ಎರಡು ವಾರ ಅಜೀಮ್ ಬೇರೆ ಕೆಲಸ ಹೆಚ್ಚು ಹಿಡಿಯಲಿಲ್ಲ. ಬಂದವರನ್ನು ಪಕ್ಕದ ಅಂಗಡಿಗೆ ಕಳಿಸಿದರು. ಮೇಲ್ಮನವಿಯನ್ನು ಬರೆದರು, ಹರಿದರು, ಮತ್ತೆ ಬರೆದರು. ಕಾನೂನಿನ ಭಾಗವನ್ನು ವಕೀಲರಿಂದ ಸರಿಮಾಡಿಸಿದರು. ಉಳಿದದ್ದನ್ನೆಲ್ಲ ರೇಣುಕಮ್ಮನ ಮಾತಿನಲ್ಲೇ ಇಟ್ಟರು: ಸನಿಕೆ, ಹೆಂಗಸರು ಬಗ್ಗಿ ಹೋಗುವುದು, ಜೀಪು ಬಂದದ್ದು, ನಕ್ಕದ್ದು. ತೇಲಿಸಿದರು ಎಂದೇ ಬರೆದರು. ವಕೀಲರು ಆ ಪದದ ಕೆಳಗೆ ಗೆರೆ ಎಳೆದು, "ಇದು ಇರ್ಬೇಕಾ?" ಎಂದಾಗ, "ಇರಬೇಕು," ಎಂದರು.

ಮಾಳಿಗೆಹಟ್ಟಿಗೆ ಹೋದಾಗ ರೇಣುಕಮ್ಮನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಮುದುಕಿ ಉಚ್ಚಂಗಮ್ಮ, "ಈಗ್ತಾನೆ ಗಂಟುಮೂಟೆ ಕಟ್ಕಂಡು ಹೋದ್ರಪ್ಪ. ಹಿರಿಯೂರಿಗೆ, ಅವಳ ತಂಗಿ ತಾವಕ್ಕೆ. ಆ ದಾರಿಗುಂಟ ಹೊಲಕ್ಕೆ ಹೋಗಾಕೆ ಆಗಲ್ಲ ಅಂತಾಳೆ," ಎಂದಳು. ಅಜೀಮ್ ಬಂದ ಆಟೋದಲ್ಲೇ ಶ್ರೀರಾಂಪುರಕ್ಕೆ ಓಡಿದರು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತಾಯಿ ಮಗಳು ಕೂತಿದ್ದರು. ಎರಡು ಚೀಲ, ಒಂದು ಸುತ್ತಿದ ಹಾಸಿಗೆ.

"ಬರೆದೀನಮ್ಮ," ಎಂದರು ಏದುಸಿರು ಬಿಡುತ್ತ. "ನೀನು ಹೇಳಿದಂಗೇ ಬರೆದೀನಿ. ಕೇಳು."

ಬಿಸಿಲಿನಲ್ಲಿ ನಿಂತು ಅವರು ಮೂರು ಪುಟ ಓದಿದರು. ಕಾಯುತ್ತಿದ್ದ ಒಂದಿಬ್ಬರು ತಿರುಗಿ ನೋಡಿದರು. ರೇಣುಕಮ್ಮ ನೆಲ ನೋಡುತ್ತ ಕೊನೆಯವರೆಗೂ ಕೇಳಿದಳು.

"ಸರಿಯಾಗೈತೆ," ಎಂದಳು. "ಹಿಂಗೇ ಆಗಿದ್ದು."

ಅಜೀಮ್ ಪೆನ್ನು ತೆಗೆದು ಮುಂದೆ ಚಾಚಿದರು. "ಇಲ್ಲಿ ರುಜು ಮಾಡಮ್ಮ. ನಾನೇ ಹೋಗಿ ಕೊಟ್ಟು ಬರ್ತೀನಿ."

ಅವಳು ಪೆನ್ನಿನ ಕಡೆ ನೋಡಿದಳು, ಮುಟ್ಟಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾನು ರುಜು ಹಾಕಲ್ಲ ಸಾಬ್ರೆ."

"ಯಾಕಮ್ಮ? ಈ ಸಲ ಪೂರ್ತಿ ಓದಿ ಹೇಳಿದೀನಲ್ಲ. ಬೇಕಾದ್ರೆ ಬಿಂದು ಓದ್ಲಿ."

"ನಿಮ್ಮ ಮ್ಯಾಲೆ ಅನುಮಾನ ಇಲ್ಲ. ನನ್ ಹೆಸ್ರು ಬರೆಯೋದನ್ನ ಅವ್ರೇ ಕಲಿಸಿದ್ದು, ಮದ್ವೆ ಆದ ವರ್ಷ. ಆ ನಾಲ್ಕು ಅಕ್ಷರ ಹಾಕಿ ಅವ್ರನ್ನ ಕಳ್ಕಂಡೆ. ಈಗ ನನ್ ರುಜು ನೋಡಿದ್ರೆ ನನಗೇ ಹೆದ್ರಿಕೆ." ಅವಳು ಕಾಗದದ ಕಡೆ ನೋಡಿ ಹೇಳಿದಳು: "ಇನ್ನೇನೂ ಬರೀಬ್ಯಾಡ್ರಿ. ನನ್ ಬಗ್ಗೆ ಯಾರೂ ಏನೂ ಬರೆಯೋದು ಬ್ಯಾಡ."

"ಬಿಂದು, ನೀನಾದ್ರೂ ಹೇಳಮ್ಮ," ಎಂದು ಅವರು ಮಗಳ ಕಡೆ ತಿರುಗಿದರು. ಅವಳು ತಾಯಿಯ ಮುಖ ನೋಡಿದಳು, ಅವರ ಮುಖ ನೋಡಿದಳು, ಚೀಲವನ್ನು ಎತ್ತಿಕೊಂಡಳು.

ಹಿರಿಯೂರಿನ ಬಸ್ಸು ಬಂತು. ಅಜೀಮ್ ಹಾಸಿಗೆಯ ಸುರುಳಿಯನ್ನು ಎತ್ತಿ ಒಳಗಿಡಲು ಹೋದರು. ರೇಣುಕಮ್ಮ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ಹತ್ತಿದಳು. ಕಿಟಕಿಯ ಹತ್ತಿರ ಸೀಟು ಖಾಲಿ ಇದ್ದರೂ ಆಚೆಯ ಸಾಲಿನಲ್ಲಿ ಕೂತಳು. ಬಸ್ಸು ಹೊರಟಿತು.

ಮೇಲ್ಮನವಿಯ ಅವಧಿ ಮೇ ಐದಕ್ಕೆ ಮುಗಿಯಿತು. ಆ ದಿನ ಅಜೀಮ್ ಅಂಗಡಿ ತೆರೆದು, ಸಂಜೆಯವರೆಗೂ ಕೂತಿದ್ದರು. ಮೂರು ಪುಟಗಳು ಮೇಜಿನ ಮೇಲಿದ್ದವು. ಕಚೇರಿಯ ಗೇಟು ಹಾಕುವ ಸದ್ದು ಕೇಳಿದ ಮೇಲೆ ಅವುಗಳನ್ನು ಒಮ್ಮೆ ತಿರುವಿ ನೋಡಿದರು. ಸಹಿಯ ಜಾಗ ಬಿಟ್ಟರೆ ಎಲ್ಲ ಸರಿಯಾಗಿತ್ತು.